ಎಲ್ಲದಕ್ಕೂ ಒಂದೇ ಕೂಗು ಕೂಗುವ ಈ ಕಾರಿನ ಬಾಯಿ ಮುಚ್ಚಿಸುವುದು ಹೇಗೆ?

ತಲೆ ಚಿಟ್ಟು ಹಿಡಿದುಹೋಗಿದೆ. ಎಂಜಿನ್ ಆನ್ ಇರುವಾಗ ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟರೆ ಸಾಕು, ಶುರುವಾಗುತ್ತದೆ. ಟಿಂಗ್ ಟಿಂಗ್ ಟಿಂಗ್. ಗೇಟು ತೆಗೆಯಲು ಇಳಿದರೂ ಟಿಂಗ್. ಕನ್ನಡಿ ಮೇಲಿನ ಮಂಜು ಒರೆಸಲು ಇಳಿದರೂ ಟಿಂಗ್. ಕೀ ಜೇಬಿನಲ್ಲಿದೆ, ನಾನು ಅಲ್ಲೇ ಎರಡು ಹೆಜ್ಜೆ ದೂರದಲ್ಲಿದ್ದೇನೆ, ಬೇಕಂತಲೇ ಎಂಜಿನ್ ಆನ್ ಬಿಟ್ಟಿದ್ದೇನೆ. ಆದರೂ ಕಾರಿಗೆ ಸಮಾಧಾನವಿಲ್ಲ. ಒಳಗಿನ ಬಜರ್ ಸಾಲದು ಅಂತ ಹೊರಗಿನದ್ದೂ ಸೇರಿಕೊಳ್ಳುತ್ತದೆ. ರಾತ್ರಿ ಹೊತ್ತಿನಲ್ಲಿ ಅದು ಅಕ್ಕಪಕ್ಕದ ಮನೆಗಳಿಗೆಲ್ಲ ಕೇಳುತ್ತದೆ. ಹಿಂದಿನ ಸೀಟಿನಲ್ಲಿ ಆಗ ತಾನೇ ನಿದ್ದೆ ಹೋದ ಮಗು ಬೆಚ್ಚಿ ಎದ್ದು ಅಳುತ್ತದೆ. ಮಗುವನ್ನು ಮಲಗಿಸಲು ಪಟ್ಟ ಪಾಡೆಲ್ಲ ನೀರುಪಾಲು.

ಹಳೆಯ ಕಾರುಗಳಲ್ಲಿ ಈ ಕಾಟ ಇಷ್ಟಿರಲಿಲ್ಲ. ಕೀ ತಿರುಗಿಸಿ ತೆಗೆದರೆ ಎಂಜಿನ್ ನಿಂತಿತು ಅಂತ ಅರ್ಥ. ಕೀ ಕೈಯಲ್ಲಿದ್ದರೆ ಕಾರು ಆಫ್, ಅಷ್ಟೇ. ಈಗ ಬಟನ್ ಒತ್ತಿ ಸ್ಟಾರ್ಟ್ ಮಾಡುತ್ತೇವೆ. ಕೀ ಎಲ್ಲಿದೆ ಅನ್ನುವುದನ್ನು ಕಾರೇ ಹುಡುಕಿಕೊಳ್ಳಬೇಕು. ಕಾರಿನೊಳಗಿನ ಆಂಟೆನಾಗಳು ಸುಮಾರು 125 ಕಿಲೋಹರ್ಟ್ಸ್‌ನ ಸಣ್ಣ ಸಿಗ್ನಲ್ ಬಿಡುತ್ತವೆ. ಅದು ತಲುಪಿದಾಗ ಕೀ ಎಚ್ಚರಗೊಂಡು ರೇಡಿಯೋ ಸಿಗ್ನಲ್‌ನಲ್ಲಿ ಉತ್ತರ ಕೊಡುತ್ತದೆ. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಈ ಹುಡುಕಾಟ ನಡೆಯುತ್ತದೆ. ಉತ್ತರ ಬರಲಿಲ್ಲವೋ, ಕೂಗು.

ಆದರೆ ಉತ್ತರ ಬರದಿರಲು ನೂರೆಂಟು ಕಾರಣಗಳಿವೆ. ಕೀಯ ಬ್ಯಾಟರಿ ಇಳಿದಿರಬಹುದು. ಕೀ ಪಕ್ಕದಲ್ಲೇ ಫೋನ್ ಇರಬಹುದು. ವೈರ್‌ಲೆಸ್ ಚಾರ್ಜರ್ ಅಂತೂ ಇದೇ ಕೀ ಹುಡುಕುವ ಸಿಗ್ನಲ್‌ಗೆ ಹತ್ತಿರದ ಆವರ್ತನದಲ್ಲೇ ಕೆಲಸ ಮಾಡುತ್ತದೆ. ಅದಕ್ಕೇ ಕೆಲವು ಕಾರುಗಳು ಕೀ ಹುಡುಕುವ ಹೊತ್ತಿಗೆ ಚಾರ್ಜಿಂಗನ್ನೇ ಕ್ಷಣಕಾಲ ನಿಲ್ಲಿಸುತ್ತವೆ. ನನ್ನ ಕಾರಿನಲ್ಲಿ ಗೇರ್ ಹತ್ತಿರ ಇರುವುದು ಒಂದೇ ತಟ್ಟೆ. ಫೋನೂ ಅಲ್ಲೇ, ಕೀನೂ ಅಲ್ಲೇ. ಬೇರೆ ಜಾಗ ಕೊಟ್ಟಿಲ್ಲ. ಕೀ ಕಣ್ಣೆದುರಿಗೇ ಇದೆ, ಸ್ಕ್ರೀನಿನಲ್ಲಿ 'ಕೀ ಪತ್ತೆಯಾಗಿಲ್ಲ' ಅಂತ ಬರುತ್ತದೆ, ಜೊತೆಗೆ ಅದೇ ಟಿಂಗ್ ಟಿಂಗ್. ಜಾಗ ಮಾಡಿದವರು ಅವರು, ಬೈಸಿಕೊಳ್ಳುವವರು ನಾವು.

ಎಚ್ಚರಿಕೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಯಾಕೆ ಬೇಕು ಅಂತ ಚೆನ್ನಾಗಿ ಗೊತ್ತು. ಈಗಿನ ಎಂಜಿನ್‌ಗಳ ಸದ್ದು ಕಡಿಮೆ. ಆಫ್ ಆಗಿದೆ ಅಂದುಕೊಂಡು ಕೀ ಜೇಬಿಗೆ ಹಾಕಿಕೊಂಡು ಜನ ಮನೆಯೊಳಗೆ ಹೋಗಿ ಮಲಗಿದ್ದಾರೆ. ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ ಎಂಜಿನ್ ಓಡುತ್ತಲೇ ಇದ್ದು, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಮನೆಯೊಳಗೆ ತುಂಬಿಕೊಂಡಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಮೆರಿಕದಲ್ಲಿ 2006ರಿಂದ ಹೀಗೆ ಎರಡು ಡಜನ್‌ಗೂ ಹೆಚ್ಚು ಜನ ಸತ್ತಿದ್ದಾರೆ ಅಂತ ನ್ಯೂಯಾರ್ಕ್ ಟೈಮ್ಸ್ 2018ರಲ್ಲಿ ಬರೆದಿತ್ತು. ಅವರಲ್ಲಿ ವಯಸ್ಸಾದವರೇ ಜಾಸ್ತಿ. ಕೀ ಹೊರಗೆ ಹೋದರೆ ಕಾರು ಜೋರಾಗಿ ಕೂಗಲೇಬೇಕು ಅನ್ನುವ ನಿಯಮವನ್ನು ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆ 2011ರಲ್ಲೇ ಪ್ರಸ್ತಾಪಿಸಿತ್ತು. ವರ್ಷಗಟ್ಟಲೆ ಅದು ಕಾಗದದಲ್ಲೇ ಉಳಿಯಿತು.

ನನಗೆ ಸಿಟ್ಟು ಬರುವುದೇ ಇದಕ್ಕೆ. ಜೀವ ಉಳಿಸಬೇಕಾದ ಕೂಗನ್ನೂ, ಪಕ್ಕದ ಸೀಟಿನ ಮೇಲೆ ಬ್ಯಾಗ್ ಇಟ್ಟಿದ್ದಕ್ಕೆ 'ಬೆಲ್ಟ್ ಹಾಕಿಲ್ಲ' ಅಂತ ಕೂಗುವ ಕೂಗನ್ನೂ ಒಂದೇ ಮಾಡಿಟ್ಟಿದ್ದಾರಲ್ಲ! ಲೈಟು ಆಫ್ ಆಗಿಲ್ಲ, ಟಿಂಗ್. ಹ್ಯಾಂಡ್‌ಬ್ರೇಕ್ ಬಿಟ್ಟಿಲ್ಲ, ಟಿಂಗ್. ನೀರಿನ ಬಾಟಲಿ ಸೀಟಿನ ಮೇಲೆ ಉರುಳಿತು, ಟಿಂಗ್. ಎಂಜಿನ್ ಓಡುತ್ತಿರುವಾಗಲೇ ಕೀ ಕಾರು ಬಿಟ್ಟು ಹೋಯಿತು, ಅದಕ್ಕೂ ಟಿಂಗ್. ಯಾವುದಕ್ಕೆ ತಿರುಗಿ ನೋಡಬೇಕು?

ಮೊನ್ನೆ ಆಗಿದ್ದೂ ಇದೇ. ಅಕ್ಕ ಕಾರು ತಂದು ನನಗೆ ಬಿಟ್ಟುಕೊಟ್ಟಳು. ಎಂಜಿನ್ ಆನ್ ಇದ್ದ ಹಾಗೇ ಅವಳು ಇಳಿದಳು, ನಾನು ಹತ್ತಿ ಕೂತೆ. ಕೀ ಅವಳ ಬ್ಯಾಗಿನಲ್ಲೇ ಇತ್ತು. ಕಾರು ಕೂಗಿತು. ಕೂಗದೇ ಇರುವುದು ಯಾವಾಗ? ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಾಗಿಲು ಮುಚ್ಚಿದೆ, ಹೊರಟೆ. ಓಡುತ್ತಿರುವ ಎಂಜಿನ್ ಕೀ ಇಲ್ಲ ಅಂತ ನಿಲ್ಲುವುದಿಲ್ಲ. ನಡುರಸ್ತೆಯಲ್ಲಿ ನಿಂತರೆ ಅಪಾಯ ಅಂತ ಹಾಗೆ ಮಾಡಿದ್ದಾರೆ, ಅದು ಸರಿಯೇ. ಹೋಗಬೇಕಾದಲ್ಲಿ ಹೋಗಿ ಆಫ್ ಮಾಡಿದೆ. ಆಮೇಲೆ ಸ್ಟಾರ್ಟ್ ಆಗಲಿಲ್ಲ. ಅಕ್ಕ ತನ್ನ ಕೆಲಸ ಬಿಟ್ಟು ಕೀ ಹಿಡಿದುಕೊಂಡು ಅಷ್ಟು ದೂರ ಬರಬೇಕಾಯಿತು. ದಿನಾ ಸುಮ್ಸುಮ್ನೆ ಕೂಗಿ ಕೂಗಿ ನಮ್ಮ ಕಿವಿ ಮಂಕಾಗಿಸಿದ್ದು ಆ ಕಾರೇ.

ಸರಿ, ಇದನ್ನು ಆಫ್ ಮಾಡೋಣ ಅಂತ ಹೊರಟರೆ ಅದಕ್ಕೂ ದಾರಿಯಿಲ್ಲ. ಸೆಟ್ಟಿಂಗ್ಸ್ ಪೂರ್ತಿ ಜಾಲಾಡಿದೆ. ಒಳಗಿನ ದೀಪ ಯಾವ ಬಣ್ಣದಲ್ಲಿ ಉರಿಯಬೇಕು ಅಂತ ಆರಿಸಬಹುದು. ಇಂಡಿಕೇಟರ್ ಎಷ್ಟು ಸಲ ಮಿನುಗಬೇಕು ಅಂತ ಆರಿಸಬಹುದು. ಈ ಕೂಗಿನ ದನಿ ಒಂದು ಚೂರು ಇಳಿಸಲು ಆಗುವುದಿಲ್ಲ. ಸರ್ವಿಸ್ ಸೆಂಟರ್‌ನಲ್ಲಿ ಕೇಳಿದೆ. 'ಅದು ಸೇಫ್ಟಿ ಫೀಚರ್ ಸರ್, ಮುಟ್ಟೋ ಹಾಗಿಲ್ಲ, ವಾರಂಟಿ ಹೋಗುತ್ತೆ' ಅಂದರು. ಕಾರಿನ ದುಡ್ಡು ನಾನು ಕಟ್ಟಿದ್ದು, ಕಂತು ನಾನು ಕಟ್ಟುತ್ತಿರುವುದು, ಅದರ ವಾಲ್ಯೂಮ್ ಮಾತ್ರ ಕಂಪನಿಯದ್ದು!

ಗೊತ್ತಿದ್ದವರು ಹೇಳಿಕೊಡುವ ಉಪಾಯಗಳೂ ಕೆಲಸಕ್ಕೆ ಬರುವುದಿಲ್ಲ. ಬಾಗಿಲಿನ ಸ್ವಿಚ್‌ಗೆ ಟೇಪ್ ಸುತ್ತು ಅನ್ನುತ್ತಾರೆ. ಸುತ್ತಿದರೆ ಬಾಗಿಲು ಯಾವಾಗಲೂ ಮುಚ್ಚಿದೆ ಅಂತ ಕಾರು ನಂಬುತ್ತದೆ. ಓಡುವಾಗ ಬಾಗಿಲು ಸರಿಯಾಗಿ ಕೂರದಿದ್ದರೂ ಹೇಳುವುದಿಲ್ಲ, ಕೀ ಹೊರಗೆ ಹೋದರೂ ಹುಡುಕುವುದಿಲ್ಲ. ಬಜರ್ ವೈರ್ ಕಿತ್ತುಹಾಕು ಅನ್ನುವವರೂ ಇದ್ದಾರೆ. ನನ್ನ ಕಾರಿನಲ್ಲಿ ಮೀಟರ್ ಹಿಂದಿನ ಅದೇ ಒಂದು ಬಜರ್ ಎಂಜಿನ್ ಬಿಸಿಯಾದರೂ ಕೂಗಬೇಕು, ಆಯಿಲ್ ಪ್ರೆಶರ್ ಇಳಿದರೂ ಕೂಗಬೇಕು. ಅದನ್ನು ಕಿತ್ತು ಎಂಜಿನ್ ಸುಟ್ಟುಕೊಳ್ಳಲಾ? ಮಕ್ಕಳನ್ನು ಕೂರಿಸಿಕೊಂಡು ಓಡಾಡುವ ಕಾರಿಗೆ ನಾನಂತೂ ಇದನ್ನೆಲ್ಲ ಮಾಡುವುದಿಲ್ಲ. ಒಂದು ಸೆಟ್ಟಿಂಗ್ ಕೊಡದೆ, ಜನ ವೈರ್ ಕೀಳುವ ಮಟ್ಟಕ್ಕೆ ತಳ್ಳುವುದು ಯಾವ ಸೀಮೆಯ ಸೇಫ್ಟಿ?

ಪರಿಹಾರ ಯಾರಿಗೂ ಗೊತ್ತಿಲ್ಲದ್ದೇನಲ್ಲ. ವಿಮಾನದ ಕಾಕ್‌ಪಿಟ್‌ನಲ್ಲಿ ಎಚ್ಚರಿಕೆಗಳಿಗೆ ದರ್ಜೆಯಿದೆ. ಕೂಡಲೇ ಕೈ ಹಾಕಬೇಕಾದದ್ದಕ್ಕೆ ಕೆಂಪು ಬಣ್ಣ, ಬೇರೆಯದೇ ಸದ್ದು. ಆಮೇಲೆ ನೋಡಬಹುದಾದದ್ದು ಸದ್ದಿಲ್ಲದೆ ಸ್ಕ್ರೀನಿನಲ್ಲಿ ಕೂರುತ್ತದೆ. ಟೇಕಾಫ್ ಹೊತ್ತಿನಲ್ಲಿ ಪೈಲಟ್ ಗಮನ ಕೆಡಬಾರದು ಅಂತ ಎಷ್ಟೋ ಎಚ್ಚರಿಕೆಗಳನ್ನು ತಡೆದು ಇಟ್ಟುಕೊಳ್ಳುತ್ತಾರೆ. ಕಾರಿನಲ್ಲೂ ಮಾಡಬಹುದು, ಅಲ್ವಾ? ಇಷ್ಟು ದೊಡ್ಡ ಸ್ಕ್ರೀನ್ ಹಾಕಿದ್ದಾರೆ, ಮಾತಾಡುವ ಮ್ಯಾಪ್ ಹಾಕಿದ್ದಾರೆ. 'ಕೀ ಹೊರಗೆ ಹೋಗಿದೆ' ಅಂತ ಬಾಯಿಬಿಟ್ಟು ಹೇಳಲಿ. ನನ್ನ ಅಜ್ಜಿಗೂ ಅರ್ಥವಾಗುತ್ತದೆ. ಎಂಜಿನ್ ಆನ್ ಇಟ್ಟು ಹೋದವರ ಜೀವ ಉಳಿಸುವ ಕಾಳಜಿ ನಿಜವಾಗಿ ಇದ್ದರೆ, ಸ್ವಲ್ಪ ಹೊತ್ತಿನ ಮೇಲೆ ಎಂಜಿನ್ ತಾನೇ ಆಫ್ ಆಗುವ ಹಾಗೆ ಮಾಡಲಿ. ಕೆಲವು ಕಂಪನಿಗಳು ಆಗಲೇ ಮಾಡಿವೆ. ಮಲಗಿದವರಿಗೆ ಗ್ಯಾರೇಜಿನ ಟಿಂಗ್ ಟಿಂಗ್ ಎಲ್ಲಿ ಕೇಳಬೇಕು?

ಕೀ ಜೇಬಿನಲ್ಲಿದ್ದು ನಾನು ಕಾರಿನ ಪಕ್ಕದಲ್ಲೇ ನಿಂತಿದ್ದರೆ ಒಂದು ಸಲ ಮೆಲ್ಲಗೆ ಹೇಳಿ ಸುಮ್ಮನಿರಲಿ. ಕೀ ನಿಜವಾಗಿ ದೂರ ಹೋದಾಗ ಬೇರೆ ದನಿಯಲ್ಲಿ ಎಷ್ಟು ಬೇಕಾದರೂ ಕೂಗಲಿ. ಮುಂದಿನ ಸರ್ವಿಸ್‌ಗೆ ಕಾರು ಬಿಡುವಾಗ ಇದನ್ನೇ ದೂರಿನ ಫಾರಂನಲ್ಲಿ ಬರೆದು, ಅವರ ಸಹಿ ಹಾಕಿಸಿಕೊಂಡೇ ಬರುತ್ತೇನೆ. ಈ ಕಾಟ ಅನುಭವಿಸುತ್ತಿರುವ ನೀವೂ ಬರೆದು ಕೊಡಿ.