ಹುಳಿ ಎಲ್ಲಿ ಹೋಯಿತು?

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಕಡೆ ನಾವು ಮನೆ ಕೊಂಡಾಗ ಹಿತ್ತಲಿನ ಬ್ರ್ಯಾಮ್ಲಿ ಸೇಬಿನ ಮರವೂ ಜೊತೆಗೆ ಬಂತು. ಈ ತಳಿ ಹುಟ್ಟಿದ್ದು ಇದೇ ಸೀಮೆಯ ಸೌತ್‌ವೆಲ್‌ನಲ್ಲಿ. 1809ರಲ್ಲಿ ಒಬ್ಬ ಹುಡುಗಿ ಬೀಜ ಹಾಕಿ ಬೆಳೆಸಿದಳಂತೆ. ಹೆಸರು ಮಾತ್ರ 1846ರಲ್ಲಿ ಆ ಮನೆ ಕೊಂಡ ಕಟುಕನದು! ಆ ಲೆಕ್ಕದಲ್ಲಿ ನಮ್ಮ ಮರಕ್ಕೆ ಬ್ಯಾಂಕಿನ ಹೆಸರಿಡಬೇಕು. ಸಾಲ ಇನ್ನೂ ತೀರಿಲ್ಲ.

ಬ್ರ್ಯಾಮ್ಲಿಯನ್ನು ಸುಮ್ನೆ ಕಚ್ಚಿ ತಿನ್ನುವ ಹಾಗಿಲ್ಲ, ಅಷ್ಟು ಹುಳಿ. ಇಲ್ಲಿಯವರು ಸಕ್ಕರೆ ಸುರಿದು ಬೇಯಿಸುತ್ತಾರೆ. ಅಕ್ಟೋಬರ್‌ನಲ್ಲಿ ಹಾಸನದಿಂದ ಬಂದ ಅಮ್ಮ ಒಂದು ಹೋಳು ಬಾಯಿಗಿಟ್ಟು, ಒಂದು ಕಣ್ಣು ಮುಚ್ಚಿ, "ಇದು ಸೇಬಲ್ಲ ಕಣೇ, ಮಾವಿನಕಾಯಿ" ಎಂದು ತೀರ್ಪು ಕೊಟ್ಟರು. ಅವತ್ತಿನಿಂದ ಚಿತ್ರಾನ್ನ, ಗೊಜ್ಜು, ಚಟ್ನಿ ಎಲ್ಲಕ್ಕೂ ಅದೇ.

ಉಳಿದದ್ದು ಗ್ಯಾರೇಜಿಗೆ ಹೋಯಿತು. ಪೆಟ್ಟು ಬಿದ್ದದ್ದು ಬೇಡ. ಒಂದೊಂದನ್ನೂ ಪೇಪರ್‌ನಲ್ಲಿ ಸುತ್ತಿ, ಒಂದಕ್ಕೊಂದು ತಾಗದಂತೆ ಇಡಬೇಕು. ಮಡಿ ಅಂದರೆ ಏನು ಅಂತ ಅಮ್ಮನಿಗೆ ಹೇಳಿಕೊಡಬೇಕೇ? ಸೇಬು ಒಳಗೆ ಬೆಚ್ಚಗೆ, ಕಾರು ಚಳಿಗಾಲವಿಡೀ ಬೀದಿಯಲ್ಲಿ. ಬೆಳಿಗ್ಗೆ ಗಾಜಿನ ಮೇಲಿನ ಹಿಮ ಕೆರೆಯುತ್ತಾ ಯಜಮಾನರು ಗೊಣಗುತ್ತಿದ್ದರು.

ಅಡುಗೆಮನೆಯ ಬುಟ್ಟಿಯಲ್ಲಿದ್ದ ನಾಲ್ಕಾರು ಸೇಬುಗಳೂ ಸುಮ್ಮನಿರಲಿಲ್ಲ. ಬಜ್ಜಿಗೆಂದು ತಂದ ಬಾಳೆಕಾಯಿ ಅವುಗಳ ಪಕ್ಕದಲ್ಲೇ ಇತ್ತು. ಸೇಬು ಬಿಡುವ ಎಥಿಲೀನ್ ಅನಿಲ ತಗುಲಿದರೆ ಬಾಳೆ ಬೇಗ ಹಣ್ಣಾಗುತ್ತದೆ. ನೆಂಟರು ಬರುವ ಹೊತ್ತಿಗೆ ಬಜ್ಜಿ ಹೋಗಿ ರಸಾಯನ ಆಗಿತ್ತು.

ನಿಜವಾದ ಪಂಚಾಯಿತಿ ಶುರುವಾಗಿದ್ದು ಫೆಬ್ರವರಿಯಲ್ಲಿ. ಪೇಪರ್ ಬಿಚ್ಚಿದರೆ ಹಸಿರು ಸೇಬು ಹಳದಿಗೆ ತಿರುಗಿದೆ, ಮುಟ್ಟಿದರೆ ಕೈಗೆಲ್ಲ ಜಿಡ್ಡು! "ಯಾರೇ ಇದಕ್ಕೆ ಎಣ್ಣೆ ಹಚ್ಚಿದ್ದು?" ಅಮ್ಮನ ಕಣ್ಣು ಸೀದಾ ಅಳಿಯಂದಿರ ಕಡೆ. ಪಾಪ, ಗ್ಯಾರೇಜಿನಲ್ಲಿ ಸೈಕಲ್ ಚೈನಿಗೆ ಎಣ್ಣೆ ಬಿಡುವವರು ಅವರೊಬ್ಬರೇ. ಹಣ್ಣಾಗುತ್ತಾ ಸಿಪ್ಪೆಯ ಮೇಲೆ ತಾನಾಗೇ ಬರುವ ಮೇಣ ಅದು ಅಂದರೆ ಕೇಳುವವರ್ಯಾರು? ಕಡಲೆಹಿಟ್ಟು ಉಜ್ಜಿ, ಬಿಸಿನೀರು ಹುಯ್ದು ಸೇಬುಗಳಿಗೆ ಅಭ್ಯಂಜನ ಮಾಡಿಸಿಯೇ ಬಿಟ್ಟರು.

ಆಮೇಲೆ ಚಿತ್ರಾನ್ನ. ಒಗ್ಗರಣೆ ಘಮ್ ಅಂತು, ಆದರೆ ಹುಳಿ ನಾಲಿಗೆಗೆ ಹತ್ತಲಿಲ್ಲ. ಅಮ್ಮ ತಟ್ಟೆ ತಳ್ಳಿ ನನ್ನ ಮುಖ ನೋಡಿದರು. ಕಿತ್ತ ಮೇಲೂ ಸೇಬು ಉಸಿರಾಡುತ್ತಿರುತ್ತದೆ, ಆ ಉಸಿರಿಗೆ ತನ್ನ ಹುಳಿಯನ್ನೇ ಖರ್ಚು ಮಾಡುತ್ತದೆ, ಹುಳಿ ಇಳಿದಷ್ಟೂ ಸಿಹಿ ಜಾಸ್ತಿ ಗೊತ್ತಾಗುತ್ತದೆ ಅಂತ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು.

"ಫ್ರಿಜ್ಜಿನಲ್ಲಿ ನಿಂಬೆಹಣ್ಣಾದರೂ ಇದೆಯೇನೇ? ಇಲ್ಲ, ಅದೂ ಉಸಿರಾಡಿ ಮುಗಿಸಿತಾ?"