ಪದಕ ಎದೆಗೆ, ಪೆಟ್ಟು ಸೊಂಟಕ್ಕೆ

ಮತ್ತೊಬ್ಬ ನಾಯಕರು ಮೈಕ್ ಹಿಡಿದು ‘ಹೆಚ್ಚು ಮಕ್ಕಳನ್ನು ಹಡೆಯಿರಿ’ ಎಂದು ಕರೆ ಕೊಟ್ಟಿದ್ದಾರೆ. ಯಾರು, ಎಲ್ಲಿ ಎಂದು ಕೇಳಬೇಡಿ. ಇಂಥ ಕರೆ ಕೊಡುವವರಿಗೆ ಗಡಿಯಿಲ್ಲ. ಬಹುತೇಕರಿಗೆ ಗರ್ಭಕೋಶವೂ ಇಲ್ಲ.

ಪರಂಪರೆ ಮಾತ್ರ ಭರ್ಜರಿ. 1938ರಲ್ಲಿ ಹಿಟ್ಲರನ ಜರ್ಮನಿ ನಾಲ್ಕು ಹೆತ್ತವಳಿಗೆ ಕಂಚು, ಆರಕ್ಕೆ ಬೆಳ್ಳಿ, ಎಂಟಕ್ಕೆ ಚಿನ್ನ ಎಂದು ದರಪಟ್ಟಿ ಹಾಕಿತ್ತು. 1944ರಲ್ಲಿ ಸ್ಟಾಲಿನ್ ಹತ್ತು ಹೆತ್ತವಳನ್ನು ‘ವೀರಮಾತೆ’ ಮಾಡಿದ. 2022ರಲ್ಲಿ ರಷ್ಯಾ ಆ ಬಿರುದಿನ ಧೂಳು ಕೊಡವಿ, ಜೊತೆಗೆ ಹತ್ತು ಲಕ್ಷ ರೂಬಲ್ ಇಟ್ಟಿತು. ಹತ್ತನೆಯ ಕೂಸಿಗೆ ವರ್ಷ ತುಂಬಿರಬೇಕಂತೆ. ಅಮ್ಮನ ಹಿಮೋಗ್ಲೋಬಿನ್ ಎಷ್ಟಿರಬೇಕು ಎಂಬ ಕಾಲಂ ಇದ್ದಂತಿಲ್ಲ.

ಒಂದು ಬಸಿರಿಗೆ ಸುಮಾರು 1,000 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ಖಾಲಿಯಾದದ್ದು ತುಂಬುವ ಮೊದಲೇ ಇನ್ನೊಂದು ನಿಂತರೆ ರಕ್ತಹೀನತೆ ಕಾಯಂ. ಹೆರಿಗೆಯಾಗಿ 24 ತಿಂಗಳಾದರೂ ಬಿಟ್ಟು ಮುಂದಿನದನ್ನು ಯೋಚಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದು ಸುಮ್ಮನೆ ಅಲ್ಲ. ಸಹಜ ಹೆರಿಗೆಗಳು ಹೆಚ್ಚಿದಷ್ಟೂ ಅಡಿಹೊಟ್ಟೆಯ ತಳದ ಸ್ನಾಯು ಸಡಿಲವಾಗುತ್ತದೆ. ಕೆಮ್ಮಿದರೆ ಮೂತ್ರ ಸೋರುತ್ತದೆ, ವಯಸ್ಸಾದಂತೆ ಗರ್ಭಕೋಶ ಜಾರುತ್ತದೆ. ಸಭೆಯಲ್ಲಿ ಜೋರಾಗಿ ನಗಲೂ ಹೆದರುವ ವೀರಮಾತೆಗೆ ಚಪ್ಪಾಳೆ!

ಹಾಗೆಂದು ಹೆರುವುದೇ ರೋಗವಲ್ಲ. ಪ್ರತಿ ಹೆರಿಗೆಗೂ ಸ್ತನ ಕ್ಯಾನ್ಸರ್ ಅಪಾಯ ಶೇ 7ರಷ್ಟು ಇಳಿಯುತ್ತದೆ, ಎದೆಹಾಲು ಕುಡಿಸಿದರೆ ಇನ್ನಷ್ಟು. ಅಂಡಾಶಯದ ಕ್ಯಾನ್ಸರೂ ಕಡಿಮೆ. ಆದರೆ ಎಚ್‌ಪಿವಿ ಎಂಬ, ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್ಸಿನ ಸೋಂಕಿದ್ದವಳಿಗೆ ಹೆರಿಗೆ ಹೆಚ್ಚಿದಂತೆ ಗರ್ಭಕಂಠದ ಕ್ಯಾನ್ಸರ್ ಅಪಾಯ ಏರುತ್ತದೆ. ಭಾಷಣಕ್ಕೆ ಒಗ್ಗುವ ಲೆಕ್ಕ ಇದಲ್ಲ, ಬಿಡಿ.

ಹೆರಿಗೆಗೊಂದು ಹಲ್ಲು ಹೋಗುತ್ತದೆ ಎಂಬ ಮಾತು ಹಲವು ದೇಶಗಳಲ್ಲಿದೆ. ಪಾಪ, ಕೂಸು ಹಲ್ಲು ಕದಿಯುವುದಿಲ್ಲ. ಹಲ್ಲಿನ ಕ್ಯಾಲ್ಸಿಯಂ ಹಾಗೆಲ್ಲ ಹೊರಬರುವುದೂ ಇಲ್ಲ. ಮೂಳೆಯಿಂದ ಒಂದಿಷ್ಟು ಹೋಗುತ್ತದೆ, ಹಾಲು ಬಿಡಿಸಿದ ಮೇಲೆ ಬಹುಮಟ್ಟಿಗೆ ಮರಳುತ್ತದೆ. ಹಲ್ಲು ಹಾಳಾಗುವುದು ಹಾರ್ಮೋನಿನಿಂದ ಊದಿದ ಒಸಡಿನಿಂದ, ವಾಂತಿಯ ಆಮ್ಲದಿಂದ. ಎಲ್ಲಕ್ಕಿಂತ ಹೆಚ್ಚಾಗಿ, ಮೂರು ಮಕ್ಕಳನ್ನು ಬಿಟ್ಟು ದಂತವೈದ್ಯರ ಕುರ್ಚಿಯಲ್ಲಿ ಅರ್ಧ ಗಂಟೆ ಕೂರಲು ಪುರುಸೊತ್ತಿಲ್ಲದ್ದರಿಂದ.

ತಮಾಷೆ ಇನ್ನೊಂದಿದೆ. ಮಕ್ಕಳು ಹೆಚ್ಚಾದಷ್ಟೂ ತಾಯಂದಿರಲ್ಲಿ ಹೃದ್ರೋಗ ಹೆಚ್ಚುವುದನ್ನು ಗುರುತಿಸಿದ ಕೆಲವು ಅಧ್ಯಯನಗಳಲ್ಲಿ, ಏನನ್ನೂ ಹೊರದ ಅಪ್ಪಂದಿರಲ್ಲೂ ಒಂದಿಷ್ಟು ಏರಿಕೆ ಕಂಡಿದೆ. ಅಂದರೆ ತಪ್ಪೆಲ್ಲ ಗರ್ಭಕೋಶದ್ದಲ್ಲ. ನಿದ್ದೆಗೆಟ್ಟ ರಾತ್ರಿ, ಸಾಕಾಗದ ಸಂಬಳ, ಏರಿದ ತೂಕಕ್ಕೂ ಪಾಲಿದೆ. ಅದಕ್ಕೆ ಯಾವ ಲೋಹದ ಪದಕ?

ನಗು ಸಾಕು. ಬಸಿರಿನಲ್ಲಿ ಸಕ್ಕರೆ ಕಾಣಿಸಿಕೊಂಡವಳಿಗೆ ಮುಂದೆ ಟೈಪ್ 2 ಮಧುಮೇಹದ ಅಪಾಯ ಹತ್ತಿರಹತ್ತಿರ ಹತ್ತು ಪಟ್ಟು. ಪ್ರಿಎಕ್ಲಾಂಪ್ಸಿಯಾ, ಅಂದರೆ ಬಸಿರಿನಲ್ಲಿ ಬಿ.ಪಿ. ಏರಿ ಅಂಗಾಂಗಗಳಿಗೆ ಪೆಟ್ಟು ಕೊಡುವ ತೊಂದರೆ, ಆದವಳಿಗೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಸುಮಾರು ಎರಡು ಪಟ್ಟು. ಸಕ್ಕರೆ ಇದ್ದವಳಿಗೆ ಹೆರಿಗೆಯಾದ 6ರಿಂದ 12 ವಾರದೊಳಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತಪರೀಕ್ಷೆ ಮಾಡಬೇಕು. ಆಮೇಲೂ ಒಂದರಿಂದ ಮೂರು ವರ್ಷಕ್ಕೊಮ್ಮೆ. ಮಾಡುವವರು ಯಾರು? ಆ ಹೊತ್ತಿಗೆ ಎಲ್ಲರ ಕಣ್ಣೂ ಕೂಸಿನ ತೂಕ, ಲಸಿಕೆಯ ಮೇಲೆ. ಅಮ್ಮನ ಫೈಲು ಮುಚ್ಚಿಯಾಗಿರುತ್ತದೆ. ಇಪ್ಪತ್ತು ವರ್ಷದ ನಂತರ ಎದೆ ಹಿಡಿದುಕೊಂಡು ಬಂದವಳನ್ನು ‘ಬಸಿರಿನಲ್ಲಿ ಬಿ.ಪಿ. ಇತ್ತೇ’ ಎಂದು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳಿ, ತಾಯಂದಿರೇ. ಹೆರಿಗೆಯ ಡಿಸ್ಚಾರ್ಜ್ ಚೀಟಿ ಎಸೆಯಬೇಡಿ.