ಕೊಡುವ ಗಾಡಿ, ಕುಡಿಯುವ ಗಾಡಿ

ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆಂದು ಊರಿಗೆ ಬಂದಿದ್ದೆ. ಕಾರಟಗಿ ಹತ್ತಿರದ ನಮ್ಮ ಹಳ್ಳಿಯಿಂದ ದಾಸೋಹಕ್ಕೆ ರೊಟ್ಟಿ ಹೇರಿಕೊಂಡು ಬೊಲೆರೊ ಪಿಕಪ್ ಹೊರಟಿತ್ತು. ಮುಂದಿನ ಸೀಟಿನಲ್ಲಿ ಡ್ರೈವರ್ ಹುಡುಗ, ಮಾವ, ನಾನು. ಗಂಗಾವತಿ ಬರುವ ಮೊದಲೇ ಮಾವ ಕೇಳಿಯೇಬಿಟ್ಟರು.

"ಅಳಿಯಾ, ಹೊಸಾ ಗಾಡಿ ತೊಗೊಂಡೀಯಂತಲ್ಲ. ಎಷ್ಟ ಕೊಡ್ತೈತಿ?"

ನಾನಿರುವುದು ಆಸ್ಟ್ರೇಲಿಯಾದ ಟೂವೂಂಬಾದಲ್ಲಿ. ಅಲ್ಲಿ ಪಿಕಪ್‌ಗೆ ಯೂಟ್ ಅನ್ನುತ್ತಾರೆ. ಎಂಟು ತಿಂಗಳ ಹಿಂದೆ ಒಂದು ಕೊಂಡಿದ್ದೆ. ಡೀಸೆಲ್, ಆಟೊಮ್ಯಾಟಿಕ್, ನಾಲ್ಕು ಬಾಗಿಲು, 80 ಲೀಟರ್ ಟ್ಯಾಂಕು. ಯಾವ ಕಂಪನಿಯದು ಅಂತ ಬರೆಯಲ್ಲ, ಬರೆದರೆ ಅದೇ ಬೇರೆ ಜಗಳ. ಮಾವನಿಗೆ ಸ್ವಲ್ಪ ಜಂಬದಿಂದಲೇ ಹೇಳಿದೆ: "ಮೊದ್ಲ ಹನ್ನೊಂದೂವರಿ ಇತ್ತು ಮಾವಾ. ಈಗ ಒಂಬತ್ತು ಪಾಯಿಂಟ್ ಆರಕ್ಕ ಇಳಿದೈತ್ರಿ."

ಮಾವ ಸುಮ್ಮನಾದರು. ಆಮೇಲೆ ಮೆಲ್ಲಗೆ, "ಎಂಟ ತಿಂಗಳದಾಗ ಇಳೀತಾ? ಹೊಸಾ ಗಾಡಿ ಹಂಗ ಇಳೀಬಾರ್ದಪಾ. ಯಾರೋ ನಿನಗ ಟೊಪಗಿ ಹಾಕ್ಯಾರ" ಅಂದರು. ಡ್ರೈವರ್ ಹುಡುಗ ಸ್ಟೇರಿಂಗ್ ಮೇಲೊಮ್ಮೆ ತಟ್ಟಿ, "ಇದು ಲೋಡ್ ಇದ್ರೂ ಹದಿಮೂರಕ್ಕ ಮೋಸಿಲ್ಲ ನೋಡ್ರಿ" ಅಂದ. ಹಿಂದೆ ಇದ್ದ ಲೋಡ್ ಜೋಳದ ರೊಟ್ಟಿ. ಆದರೂ ಅವನು ನನ್ನ ಕಡೆ ನೋಡಿದ ಆ ಅಯ್ಯೋಪಾಪದ ನೋಟ ಚುಚ್ಚಿತು.

ನಾನು ಹೇಳಿದ್ದು 100 ಕಿಲೋಮೀಟರಿಗೆ ಎಷ್ಟು ಲೀಟರ್ ಅಂತ. ಅವರು ಕೇಳಿಸಿಕೊಂಡಿದ್ದು ಲೀಟರಿಗೆ ಎಷ್ಟು ಕಿಲೋಮೀಟರ್ ಅಂತ. ಒಂದರಲ್ಲಿ ಇಳಿದರೆ ಒಳ್ಳೆಯದು, ಇನ್ನೊಂದರಲ್ಲಿ ಏರಿದರೆ ಒಳ್ಳೆಯದು. ಹತ್ತರಲ್ಲಿ ಮಾತ್ರ ಎರಡೂ ಲೆಕ್ಕ ಒಂದೇ. ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಹಿಟ್ನಾಳ ಬಂದಿತ್ತು, ಮಾವನಿಗೆ ನಿದ್ದೆಯೂ ಬಂದಿತ್ತು.

ನಮ್ಮ ಕಡೆ ಎಲ್ಲವೂ ಕೊಡಬೇಕು ನೋಡಿ. ಎಮ್ಮೆ ಎಷ್ಟು ಕೊಡ್ತೈತಿ, ಎಕರೆ ಎಷ್ಟು ಕೊಡ್ತು, ಗಾಡಿ ಎಷ್ಟು ಕೊಡ್ತೈತಿ. ಎಮ್ಮೆ ಎಷ್ಟು ತಿಂತೈತಿ ಅಂತ ಕೇಳಿದವರನ್ನು ನಾನಂತೂ ಕಂಡಿಲ್ಲ. ಎಕರೆಗೆ ನಲವತ್ತು ಚೀಲ ಭತ್ತ ಅಂತ ಹೋಟೆಲಿನಲ್ಲಿ ದೊಡ್ಡ ದನಿಯಲ್ಲಿ ಹೇಳುತ್ತಾರೆ, ಗೊಬ್ಬರದ ಅಂಗಡಿಯ ಬಾಕಿಯನ್ನು ಹೇಳಲ್ಲ. ಟೂವೂಂಬಾದಲ್ಲಿ ಶೋರೂಮಿನಲ್ಲಿ ನಿಂತ ಹೊಸ ಗಾಡಿಯ ಗಾಜಿನ ಮೇಲೆಯೇ ಚೀಟಿ ಅಂಟಿಸಿರುತ್ತಾರೆ. ಅದು ಅಲ್ಲಿನ ಕಾನೂನು. ಈ ಗಾಡಿ 100 ಕಿಲೋಮೀಟರಿಗೆ ಇಷ್ಟು ಕುಡಿಯುತ್ತೆ, ಇಷ್ಟು ಇಂಗಾಲದ ಡೈಆಕ್ಸೈಡ್ ಬಿಡುತ್ತೆ ಅಂತ. ಹುಡುಗಿ ನೋಡಲು ಹೋದಾಗ ಹುಡುಗನ ಕಡೆಯವರೇ ಅವನ ಸಾಲದ ಪಟ್ಟಿ ಕೈಗೆ ಕೊಟ್ಟ ಹಾಗೆ. ನನಗೆ ಅದು ಹಿಡಿಸಿತು.

ಬರೀ ನಾಜೂಕಿನ ಮಾತಲ್ಲ ಇದು. ನಮ್ಮ ಲೆಕ್ಕ ಕಣ್ಣಿಗೆ ಮಣ್ಣೆರಚುತ್ತೆ. ಒಂದು ಬೈಕ್ 60 ಕೊಡುವುದು 65 ಕೊಟ್ಟರೆ ನಮ್ಮವರು ಮೆಕ್ಯಾನಿಕ್‌ಗೆ ಮಿರ್ಚಿ, ಮಂಡಾಳ ತಿನ್ನಿಸುತ್ತಾರೆ. 100 ಕಿಲೋಮೀಟರಿಗೆ ಉಳಿದಿದ್ದು ಎಷ್ಟು? ಒಂದು ಸಣ್ಣ ಲೋಟ ಪೆಟ್ರೋಲ್, 130 ಎಮ್ಮೆಲ್. ಅದೇ ಒಂದು ಪಿಕಪ್ 8ರಿಂದ 10ಕ್ಕೆ ಬಂದರೆ "ಎರಡs ಏನು" ಅನ್ನುತ್ತಾರೆ. ಅಲ್ಲಿ ಉಳಿಯುವುದು ಎರಡೂವರೆ ಲೀಟರ್! ಮನೆಯಲ್ಲಿ ಬೈಕೂ ಪಿಕಪ್ಪೂ ಎರಡೂ ಇದ್ದರೆ ಯಾವುದಕ್ಕೆ ಮೊದಲು ತಲೆ ಕೆಡಿಸಿಕೊಳ್ಳಬೇಕು ಅಂತ ಲೀಟರ್ ಲೆಕ್ಕ ನೇರವಾಗಿ ತೋರಿಸುತ್ತೆ. ಮೈಲೇಜ್ ಲೆಕ್ಕ ಬೈಕನ್ನೇ ಮುದ್ದು ಮಾಡಿಸುತ್ತೆ.

ಕಾರಟಗಿಯಲ್ಲಿ ನನ್ನ ಗೆಳೆಯನದೊಂದು ಅಕ್ಕಿ ಗಿರಣಿ ಇದೆ. ದಸರಾಕ್ಕೆ ಅವನೂ ಆಟೊಮ್ಯಾಟಿಕ್ ಡೀಸೆಲ್ ಪಿಕಪ್ ತಂದಿದ್ದ, ಬೇರೆ ಕಂಪನಿಯದು. ಮಾರುವವನು "ಹದಿನಾಲ್ಕು ಪಕ್ಕಾ" ಅಂದಿದ್ದನಂತೆ. ಸ್ಕ್ರೀನಿನಲ್ಲಿ 12.8 ಬರುತ್ತಿತ್ತು. "ಆಟೊ ಅಲ್ಲೇನಲೇ, ಕುಡೀತೈತಿ" ಅಂತ ಅವನ ದೂರು. ಜಾತ್ರೆಯ ಮಾರನೆಯ ದಿನ ಅದರಲ್ಲೇ ಹೊಸಪೇಟೆಗೆ ಹೋದೆವು. ಹೈವೇಯಲ್ಲಿ ಮೇಲ್ಸೇತುವೆ ಇಳಿಯುವಾಗ ಪುಣ್ಯಾತ್ಮ ಲಿವರ್ ಹಿಡಿದು ನ್ಯೂಟ್ರಲ್‌ಗೆ ಹಾಕಿದ. ಏಸಿ ಬಂದ್. ಜನವರಿಯಾದರೂ ಮಧ್ಯಾಹ್ನ ಬೆವರು ಸುರಿಯುತ್ತಿತ್ತು.

ನನಗೆ ತಡೆಯಲಾಗಲಿಲ್ಲ. ನಾನು ಬ್ರಿಸ್ಬೇನ್‌ನಿಂದ ಟೂವೂಂಬಾಕ್ಕೆ ಬರುವಾಗ ಕೊನೆಯಲ್ಲಿ ಒಂದು ಘಾಟಿ ಬರುತ್ತೆ. ಊರಿರುವುದು ಸುಮಾರು 700 ಮೀಟರ್ ಎತ್ತರದಲ್ಲಿ. ಹತ್ತುವಾಗ ಸ್ಕ್ರೀನಿನಲ್ಲಿ 100 ಕಿಲೋಮೀಟರಿಗೆ 20 ಲೀಟರ್ ದಾಟುತ್ತೆ. ಇಳಿಯುವಾಗ ಕಾಲು ತೆಗೆದು ಗೇರಲ್ಲೇ ಬಿಟ್ಟರೆ 0.0 ತೋರಿಸುತ್ತೆ. ಚಕ್ರವೇ ಇಂಜಿನ್ ತಿರುಗಿಸುವುದರಿಂದ ಡೀಸೆಲ್ ಬಿಡುವುದೇ ನಿಂತಿರುತ್ತೆ. ನ್ಯೂಟ್ರಲ್‌ಗೆ ಹಾಕಿದರೆ ಇಂಜಿನ್ ಆರದಂತೆ ಇಡಲು ಡೀಸೆಲ್ ಬೇಕೇ ಬೇಕು. ಅಂದರೆ ಉಳಿಸಲು ಹೋಗಿ ಸುಡುವುದು, ಜೊತೆಗೆ ಇಳಿಜಾರಿನಲ್ಲಿ ಇಂಜಿನ್ನಿನ ಹಿಡಿತವೂ ಇಲ್ಲ. ಇನ್ನು ಆಟೊ ಕುಡಿಯುವುದು ನಿಂತು ನಿಂತು ಹೊರಡುವ ಕಡೆ. ಅಲ್ಲಿ ಕ್ಲಚ್ ಪ್ಲೇಟಿನ ಬದಲು ಎಣ್ಣೆಯ ಮೂಲಕ ಎಳೆತ ಹೋಗುತ್ತೆ, ಜಾರುತ್ತೆ. ಓಟ ಹಿಡಿದ ಮೇಲೆ ಒಳಗೆ ಲಾಕ್ ಬೀಳುತ್ತೆ, ಮ್ಯಾನುಯಲ್‌ಗೂ ಅದಕ್ಕೂ ದೊಡ್ಡ ಫರಕ್ ಉಳಿಯಲ್ಲ. ನನ್ನ ಮೊದಲ ಹನ್ನೊಂದೂವರೆಯೂ ಮಗಳ ಸ್ಕೂಲು, ಕಾಯಿಪಲ್ಲೆ ಅಂಗಡಿ ಅಂತ ಎರಡೆರಡು ಕಿಲೋಮೀಟರ್ ಓಡಾಡಿ ಬಂದಿದ್ದು. ಇಂಜಿನ್ ಬಿಸಿಯಾಗುವ ಮೊದಲೇ ಆರಿಸಿದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ತುಂಬುತ್ತಾ ಹೋಗುತ್ತೆ. ಅದನ್ನು ಸುಡಲು ಗಾಡಿ ತಾನೇ ಹೆಚ್ಚಿಗೆ ಡೀಸೆಲ್ ಹಾಕಿಕೊಳ್ಳುತ್ತೆ. ಕೆಲಸಕ್ಕೆ ಡಾಲ್ಬಿ ಅನ್ನುವ ಊರಿನ ಕಡೆ ದೂರ ಓಡಲು ಶುರುವಾದ ಮೇಲೆ ತಾನಾಗಿ ಇಳಿಯಿತು.

ಡಾಲ್ಬಿ ದಾರಿಯ ಬಗ್ಗೆ ಒಂದು ಮಾತು. ಆ ಸೀಮೆ ಪೂರ್ತಿ ಕರಿ ಎರೆ ಭೂಮಿ. ಮಳೆ ಬಂದರೆ ಚಕ್ರಕ್ಕೆ ಅಂಟುವುದು ನಮ್ಮ ಹೊಲದ ಹಾಗೆಯೇ. ಹತ್ತಿ ಬೆಳೆಯುತ್ತಾರೆ, ಜೋಳ ಬೆಳೆಯುತ್ತಾರೆ. ಆಳೆತ್ತರದ ಜೋಳ ಅಲ್ಲ, ಸೊಂಟದ ಮಟ್ಟದ ಕೆಂಪು ತೆನೆ, ಮಷಿನ್ನಿನಲ್ಲಿ ಕೊಯ್ದು ದನಕ್ಕೆ ಹಾಕುತ್ತಾರೆ. ಅದನ್ನು ನೋಡಿದಾಗಲೆಲ್ಲ ಕಾಲು ತಾನಾಗೇ ಆಕ್ಸಲರೇಟರ್ ಮೇಲಿಂದ ಏಳುತ್ತೆ. ಮೈಲೇಜ್‌ಗೆ ಒಳ್ಳೆಯದೇ ಬಿಡಿ.

ನನ್ನ ಉಪನ್ಯಾಸವನ್ನೆಲ್ಲ ಗೆಳೆಯ ಸಮಾಧಾನದಿಂದ ಕೇಳಿದ. ಆಮೇಲೆ, "ನಿಂದು ಟ್ಯಾಂಕ್ ಟು ಟ್ಯಾಂಕ್ ನೋಡೀಯೇನು?" ಅಂದ.

ಅಂದರೆ ಟ್ಯಾಂಕ್ ಪೂರ್ತಿ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿದಾಗ ಎಷ್ಟು ಹಿಡಿಯಿತು ಅಂತ ಲೆಕ್ಕ ಹಾಕುವುದು. ನೋಡಿರಲಿಲ್ಲ. ಸ್ಕ್ರೀನ್ ಹೇಳಿದ್ದನ್ನೇ ನಂಬಿದ್ದೆ.

ಅವನು ನೋಡುತ್ತಿದ್ದ. ಹೊರಡುವಾಗ ನಳಿಕೆ ಟಕ್ ಅಂತ ಕಟ್ ಆದ ಮೇಲೂ ಪಂಪಿನ ಹುಡುಗ ಗಾಡಿಯನ್ನು ಅಲುಗಾಡಿಸಿ, ಬುರುಗು ಇಳಿಸಿ, ಕತ್ತಿನವರೆಗೆ ತುಂಬಿದ್ದ. ವಾಪಸ್ ಬಂದು ಅದೇ ಪಂಪು, ಅದೇ ನಳಿಕೆ, ಅದೇ ಜಾಗದಲ್ಲಿ ನಿಲ್ಲಿಸಿದ. ನೆಲ ಒಂದು ಕಡೆ ವಾಲಿದ್ದರೂ ಲೆಕ್ಕ ತಪ್ಪುತ್ತಂತೆ. 172 ಕಿಲೋಮೀಟರಿಗೆ 14.8 ಲೀಟರ್ ಹಿಡಿಯಿತು. ಡ್ಯಾಶ್‌ಬೋರ್ಡಿನಿಂದ ಗಿರಣಿಯ ಹಳೇ ಡೈರಿ ತೆಗೆದು 11.6 ಅಂತ ಬರೆದ. "ಸ್ಕ್ರೀನ್ ಅಂದ್ರ ಸೇಲ್ಸ್‌ಮನ್ನನ ತಮ್ಮಪಾ" ಅಂದ.

ಅಲ್ಲೇ ನಿಂತಿದ್ದಾಗ ಇನ್ನೊಂದು ಕಾಣಿಸಿತು, ಒಪ್ಪಲು ಮನಸ್ಸಿಲ್ಲದಿದ್ದರೂ ಹೇಳುತ್ತೇನೆ. ನಮ್ಮ ಮುಂದೆ ಐದಾರು ಬೈಕ್. ಒಬ್ಬನೂ ಲೀಟರ್ ಅನ್ನಲಿಲ್ಲ. "ನೂರರದು ಹಾಕು", "ಐವತ್ತರದು ಹಾಕು." ಒಬ್ಬ ಟ್ರ್ಯಾಕ್ಟರಿಗೆ ಕ್ಯಾನಿನಲ್ಲಿ ಐನೂರರದು ಡೀಸೆಲ್ ಒಯ್ದ. ಟೂವೂಂಬಾದಲ್ಲಿ ನನಗೆ ಹೋಗಬೇಕಾದ ದೂರ ಗೊತ್ತಿರುತ್ತೆ, ಎಷ್ಟು ಬೇಕೋ ಅಷ್ಟು ಕಾರ್ಡ್ ಕೊಡುತ್ತೆ. ಇಲ್ಲಿ ಜೇಬಿನಲ್ಲಿರುವ ದುಡ್ಡು ಮೊದಲೇ ಗೊತ್ತಿರುತ್ತೆ, ಅದು ಎಲ್ಲಿಯವರೆಗೆ ಮುಟ್ಟಿಸುತ್ತೆ ಅನ್ನುವುದೇ ಪ್ರಶ್ನೆ. ಅಂಥವನಿಗೆ ನನ್ನ 100 ಕಿಲೋಮೀಟರ್ ಲೆಕ್ಕ ಯಾವ ಉಪಯೋಗಕ್ಕೆ? "ಎಷ್ಟು ಕೊಡ್ತೈತಿ" ಅಂತಲೇ ಅವನು ಕೇಳಬೇಕು.

ಟೂವೂಂಬಾಕ್ಕೆ ಮರಳಿದ ಮೇಲೆ ನಾನೂ ಕತ್ತಿನವರೆಗೆ ತುಂಬಿಸಿದೆ. ಅಲ್ಲಿ ಪಂಪಿಗೆ ಹುಡುಗರಿಲ್ಲ, ನಾವೇ ಹಾಕಿಕೊಳ್ಳಬೇಕು. ನಾನು ಗಾಡಿ ಅಲುಗಾಡಿಸುವುದನ್ನು ಪಕ್ಕದವನು ವಿಚಿತ್ರವಾಗಿ ನೋಡಿದ. ಹನ್ನೆರಡು ದಿನ ಓಡಿಸಿ ಅದೇ ಪಂಪಿಗೆ ಬಂದೆ. 583 ಕಿಲೋಮೀಟರ್, 60.6 ಲೀಟರ್. ಸ್ಕ್ರೀನ್ ಇನ್ನೂ 9.6 ಅಂತಲೇ ತೋರಿಸುತ್ತಿತ್ತು. ಲೆಕ್ಕ ಹಾಕಿದರೆ 100ಕ್ಕೆ 10.4 ಲೀಟರ್.

ಊರಿನ ಲೆಕ್ಕಕ್ಕೆ ತಿರುಗಿಸಿದೆ. ಲೀಟರಿಗೆ 9.6.

ಬಿಲ್ಲಿನ ಫೋಟೋ ಗೆಳೆಯನಿಗೆ ಕಳಿಸಿದೆ. ಎರಡೇ ನಿಮಿಷಕ್ಕೆ ಉತ್ತರ ಬಂತು: "ಮಾವಗ ತೋರಿಸ್ಲೇನು?"

"ಬ್ಯಾಡಪಾ" ಅಂತ ಬರೆದೆ. ಅಷ್ಟರಲ್ಲಿ ತೋರಿಸಿಯಾಗಿತ್ತು.